ಸೂಜಿ, ದಾರ ಮತ್ತು ನಾಯಿಮರಿ

ಪ್ರಶ್ನೆ: ನಾನು 68 ವರ್ಷದ ನಿವೃತ್ತ ಶಿಕ್ಷಕಿ. ಬಾಲ್ಯದಲ್ಲಿ ಅಜ್ಜಿಯಿಂದ ಕಲಿತ ಕಸೂತಿಯನ್ನು ಮತ್ತೆ ಕೈಗೆತ್ತಿಕೊಳ್ಳುವ ಆಸೆಯಿದೆ, ಆದರೆ ದೃಷ್ಟಿ ಮೊದಲಿನಂತಿಲ್ಲ. ಇತ್ತ ಮೊಮ್ಮಗಳು ನಾಯಿಮರಿ ಬೇಕೆಂದು ಹಠ ಹಿಡಿದಿದ್ದಾಳೆ. ಎರಡನ್ನೂ ನಿಭಾಯಿಸಬಲ್ಲೆನೇ?
— ಓದುಗರೊಬ್ಬರು, ಧಾರವಾಡ

ಉತ್ತರ: ಕಸೂತಿಯನ್ನು ಧಾರಾಳವಾಗಿ ಆರಂಭಿಸಿ. ಬಟ್ಟೆಯ ಮೇಲೆ ನಕ್ಷೆ ಬರೆದುಕೊಳ್ಳದೆ ಎಳೆ ಎಣಿಸಿಯೇ ಹಾಕುವ ಕೆಲಸವಾದ್ದರಿಂದ ಇಳಕಲ್ ಸೀರೆಯ ಸೂಕ್ಷ್ಮ ನೇಯ್ಗೆ ಸದ್ಯಕ್ಕೆ ಬೇಡ. ಎಳೆಗಳು ಎದ್ದು ಕಾಣುವ ಮ್ಯಾಟಿ ಬಟ್ಟೆ ತೆಗೆದುಕೊಂಡು, ಬೆಳಗಿನ ಬೆಳಕಿನಲ್ಲಿ ಕುಳಿತು, ಗಂಟಿಲ್ಲದೆ ಎರಡೂ ಬದಿ ಒಂದೇ ರೀತಿ ಕಾಣುವ ಗವಂತಿ ಹೊಲಿಗೆಯಲ್ಲಿ ಒಂದು ತುಳಸಿಕಟ್ಟೆಯನ್ನು ಹಾಕಿ ನೋಡಿ. ಈ ಹೊಲಿಗೆಯಲ್ಲಿ ದಾರ ಎಡೆ ಬಿಡುತ್ತಾ ಸಾಗಿ, ಮರಳುವಾಗ ಆ ಎಡೆಗಳನ್ನು ತುಂಬುತ್ತದೆ; ಹೋಗುವಾಗ ಒಂದೇ ಒಂದು ಎಳೆ ತಪ್ಪಿದರೂ ಮರಳಿ ಬರುವ ದಾರ ಅದನ್ನು ಬಯಲು ಮಾಡುತ್ತದೆ. ಎಣಿಕೆಯನ್ನು ಮೊಮ್ಮಗಳಿಗೆ ವಹಿಸಿ. ಇಂಥ ವಿಷಯದಲ್ಲಿ ಮಕ್ಕಳು ನಿಮ್ಮಂಥ ಶಿಕ್ಷಕಿಯರಿಗಿಂತಲೂ ನಿರ್ದಯ ಪರೀಕ್ಷಕರು.

ನಾಯಿಮರಿಯ ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ. ಕಾಲಿಗೆ ತೊಡರುವ ಮರಿಗಿಂತ, ಬೆಳೆದ, ಶಾಂತ ಸ್ವಭಾವದ ನಾಟಿ ನಾಯಿ ಮೇಲು. ರೇಬಿಸ್ ಲಸಿಕೆಯನ್ನು ತಪ್ಪದೆ ಹಾಕಿಸಿ, ನಡಿಗೆಯ ಹೊಣೆಯನ್ನು ಮನೆಯವರೆಲ್ಲರೂ ಹಂಚಿಕೊಳ್ಳಿ. ಸೂಜಿದಾರವನ್ನು ಮಾತ್ರ ಮುಚ್ಚಳವಿರುವ ಡಬ್ಬಿಯಲ್ಲೇ ಇಡಿ: ನಾಯಿ ದಾರ ನುಂಗಿದರೆ ಅದು ಕರುಳಿನಲ್ಲಿ ಸಿಕ್ಕಿಕೊಂಡು ಶಸ್ತ್ರಚಿಕಿತ್ಸೆಯವರೆಗೂ ಹೋಗಬಹುದು.