ಕ್ಯಾಪಿಟಲ್ ಅಕ್ಷರ ಅಂದರೆ ‘ರೀ’ ಅಲ್ಲ

ಪ್ರಶ್ನೆ: ನಾನು ಜಮಖಂಡಿಯ ಒಂದು ಪತ್ತಿನ ಸಹಕಾರಿ ಸಂಘದಲ್ಲಿ ಕ್ಲರ್ಕ್. ಇಂಗ್ಲಿಷ್ ಪತ್ರಗಳನ್ನೆಲ್ಲ ನಾನೇ ಟೈಪ್ ಮಾಡುತ್ತೇನೆ. ಮ್ಯಾನೇಜರ್, ಲೋನ್, ಮೀಟಿಂಗ್ ಎಲ್ಲಕ್ಕೂ ಮೊದಲ ಅಕ್ಷರ ಕ್ಯಾಪಿಟಲ್ ಹಾಕುವುದು ರೂಢಿ. ಹೊಸ ಸಾಹೇಬರು ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ವಾಪಸ್ ಕಳಿಸುತ್ತಾರೆ. ತಮ್ಮ ಹುದ್ದೆಯನ್ನೇ ಸಣ್ಣ ಅಕ್ಷರ ಮಾಡಿಸಿದ್ದಾರೆ! ಯಾವುದು ಸರಿ?

ಉತ್ತರ: ಸಾಹೇಬರದ್ದೇ ಸರಿ. ನೀವು ಕ್ಯಾಪಿಟಲ್ ಅಕ್ಷರವನ್ನು ನಮ್ಮ ಕಡೆಯ ‘ರೀ’ ಥರ ಬಳಸುತ್ತಿದ್ದೀರಿ. ಬರ್ರಿ, ಕೂಡ್ರಿ ಅಂದ ಹಾಗೆ, ದೊಡ್ಡವರು ಕಂಡಲ್ಲೆಲ್ಲ ಒಂದು ದೊಡ್ಡ ಅಕ್ಷರ. ಕನ್ನಡದಲ್ಲಿ ಅಕ್ಷರಕ್ಕೆ ದೊಡ್ಡದು, ಸಣ್ಣದು ಅಂತ ಇಲ್ಲವೇ ಇಲ್ಲ. ಹಾಗಾಗಿ ಅದು ನಮಗೆ ಮರ್ಯಾದೆಯ ಹಾಗೆ ಕಾಣುತ್ತದೆ. ಇಂಗ್ಲಿಷಿನಲ್ಲಿ ಅದು ಹೆಸರಿನ ಗುರುತು, ಅಷ್ಟೇ. ವಾಕ್ಯದ ಮೊದಲ ಅಕ್ಷರ, ‘ನಾನು’ ಅನ್ನುವ ಐ ನಿಮಗೆ ಗೊತ್ತೇ ಇವೆ, ಬಿಡಿ.

ಆಲಮಟ್ಟಿ ಡ್ಯಾಮ್ ಅಂತ ಪೂರ್ತಿ ಹೆಸರು ಬರೆದರೆ ಎ ದೊಡ್ಡದು, ಡಿ ದೊಡ್ಡದು. ಮುಂದಿನ ಸಾಲಿನಲ್ಲಿ ‘ಡ್ಯಾಮ್ ತುಂಬಿದೆ’ ಅಂದರೆ ಡಿ ಸಣ್ಣದು. ಮ್ಯಾನೇಜರ್ ಕಥೆಯೂ ಇದೇ. ಪತ್ರದ ಮೇಲ್ಗಡೆ ವಿಳಾಸದಲ್ಲಿ ಬಂದರೆ ಎಮ್ ಕ್ಯಾಪಿಟಲ್. ಒಳಗೆ ‘ಮ್ಯಾನೇಜರ್ ರಜೆಯಲ್ಲಿದ್ದಾರೆ’ ಅನ್ನುವಾಗ ಸ್ಮಾಲ್.

ಬೆಳಗಾವಿಯ ಸುವರ್ಣ ವಿಧಾನಸೌಧದ ಹೆಸರನ್ನು ಇಂಗ್ಲಿಷಿನಲ್ಲಿ ಮೂರು ಪದ ಮಾಡಿ ಬರೆಯುತ್ತಾರೆ. ಮೂರಕ್ಕೂ ಕ್ಯಾಪಿಟಲ್. ಅಲ್ಲಿ ನಡೆಯುವ ಚಳಿಗಾಲದ ಅಧಿವೇಶನಕ್ಕೆ ಬೇಡ. ತಮಾಷೆ ನೋಡಿ, ಡಿಸೆಂಬರ್ ತಿಂಗಳಿಗೆ ಕ್ಯಾಪಿಟಲ್ ಬೇಕು, ಚಳಿಗಾಲಕ್ಕೆ ಬೇಡ! ವಾರ, ತಿಂಗಳುಗಳನ್ನು ಇಂಗ್ಲಿಷಿನವರು ಹೆಸರು ಅಂತ ಎಣಿಸುತ್ತಾರೆ, ಋತುಗಳನ್ನು ಎಣಿಸುವುದಿಲ್ಲ. ಇದಕ್ಕೆ ಲಾಜಿಕ್ ಹುಡುಕಬೇಡಿ, ಸುಮ್ನೆ ನೆನಪಿಟ್ಟುಕೊಳ್ಳಿ. ಭಾಷೆಗೂ ಹಾಗೇ. ಕನ್ನಡದ ಕೆ ಯಾವಾಗಲೂ ದೊಡ್ಡದು, ಇತಿಹಾಸ ಅನ್ನುವ ವಿಷಯಕ್ಕೆ ಹಿಸ್ಟರಿ ಅಂತ ಬರೆಯುವಾಗ ಎಚ್ ಸಣ್ಣದು.

ನಿಮಗೆ ಈ ರೂಢಿ ಎಲ್ಲಿಂದ ಬಂತು? ನನಗೊಂದು ಗುಮಾನಿ: ಸಾಲದ ಕರಾರು ಪತ್ರ. ಅದರಲ್ಲಿ ಬಾರೋವರ್, ಅಂದರೆ ಸಾಲಗಾರ ಅನ್ನುವ ಪದಕ್ಕೆ ಉದ್ದಕ್ಕೂ ದೊಡ್ಡ ಬಿ ಇರುತ್ತದೆ, ಅಲ್ವಾ? ಅದು ತಪ್ಪಲ್ಲ. ‘ಇಂಥವರನ್ನು ಇನ್ನು ಮುಂದೆ ಸಾಲಗಾರ ಅಂತ ಕರೆಯುತ್ತೇವೆ’ ಅಂತ ಮೊದಲೇ ಬರೆದಿರುತ್ತಾರೆ. ಆ ಕಾಗದದ ಮಟ್ಟಿಗೆ ಅದೇ ಆ ಮನುಷ್ಯನ ಹೆಸರು. ಅದೇ ಪದ ಮಾಮೂಲಿ ಪತ್ರಕ್ಕೆ ಬಂದರೆ ಸಣ್ಣ ಬಿ ಸಾಕು.

ನಿಮ್ಮ ಸಮಾಧಾನಕ್ಕೆ ಒಂದು ಮಾತು. ಹಿಂದೆ ಇಂಗ್ಲಿಷಿನವರೂ ನಿಮ್ಮ ಹಾಗೇ ಬರೆಯುತ್ತಿದ್ದರು. 1787ರ ಅಮೆರಿಕದ ಸಂವಿಧಾನದ ಕೈಬರಹದ ಪ್ರತಿ ನೋಡಿ, ಸಾದಾ ನಾಮಪದಗಳಿಗೂ ದೊಡ್ಡ ಅಕ್ಷರವೇ ಜಾಸ್ತಿ. ಆಗ ನೀವು ಕ್ಲರ್ಕ್ ಆಗಿದ್ದರೆ ಯಾರೂ ಸುತ್ತು ಹಾಕುತ್ತಿರಲಿಲ್ಲ.

ಹಾಂ, ಪತ್ರದ ಕೊನೆಯ ‘ಯುವರ್ಸ್ ಫೇತ್‌ಫುಲಿ’ಯಲ್ಲಿ ವೈ ಮಾತ್ರ ಕ್ಯಾಪಿಟಲ್. ಎಫ್ ಸಣ್ಣದು. ಅಲ್ಲೂ ಸುತ್ತು ಬಿದ್ದಿರಬೇಕು, ನೋಡಿಕೊಳ್ಳಿ.