ನೀವು ಕೇಳಿದ್ದು: ಮಗ್ಗುಲು ಕಾಯದ ಸೈನ್ಯ

ಪ್ರಶ್ನೆ: ಓದೋಕೆ ಅಂತ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಗೆ ಬಂದಿದ್ದೇನೆ. ಇಲ್ಲಿ ಗೆಳೆಯರು ದೊಡ್ಡ ಮೇಜಿನ ಮೇಲೆ ಎಲ್ಫ್, ಓರ್ಕ್ ಅನ್ನೋ ಕಟ್ಟುಕತೆಯ ಜೀವಿಗಳ, ಅಸ್ಥಿಪಂಜರಗಳ ಬೊಂಬೆ ಸೈನ್ಯ ಹೂಡಿ ಆಡುತ್ತಾರೆ. ನನಗೂ ಆಸೆ. ಆದರೆ ನೂರಾರು ಬೊಂಬೆ ಬೇಕು, ಎಲ್ಲಕ್ಕೂ ನಾನೇ ಬಣ್ಣ ಹಚ್ಚಬೇಕು. ಅಷ್ಟು ದುಡ್ಡೂ ಇಲ್ಲ, ಬಿಡುವೂ ಇಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ರಟ್ಟಿನಿಂದ. ಬೊಂಬೆ ಆಮೇಲೆ.

ನೀವು ಇಳಿದಿರುವುದೇ ಈ ಆಟದ ತವರೂರಲ್ಲಿ. 1983ರಲ್ಲಿ ವಾರ್‌ಹ್ಯಾಮರ್ ಅನ್ನೋ ಬೊಂಬೆ ಯುದ್ಧದ ಆಟ ತಂದ ಗೇಮ್ಸ್ ವರ್ಕ್‌ಶಾಪ್ ಕಂಪನಿ ಇರುವುದು ಅಲ್ಲೇ, ಅಂಥದ್ದೇ ಇನ್ನೊಂದು ಆಟ ಕಿಂಗ್ಸ್ ಆಫ್ ವಾರ್ ಮಾಡುವ ಮ್ಯಾಂಟಿಕ್ ಕೂಡ ಅಲ್ಲಿಯದೇ. ಹೊಸಬರಿಗೆ ನಾನು ಹೇಳುವುದು ಕಿಂಗ್ಸ್ ಆಫ್ ವಾರ್. ಇದರಲ್ಲಿ ಸತ್ತ ಸೈನಿಕರನ್ನು ಒಬ್ಬೊಬ್ಬರನ್ನಾಗಿ ಎತ್ತಿಡುವ ಕೆಲಸವಿಲ್ಲ. ಇಡೀ ತುಕಡಿಯೇ ಒಂದು ಕಾಯಿ. ಪೆಟ್ಟು ಬಿದ್ದಷ್ಟು ಲೆಕ್ಕ ಬರೆದಿಟ್ಟುಕೊಂಡರೆ ಆಯಿತು.

ಹಾಗಾಗಿ ಒಂದು ಹಳೆಯ ರಟ್ಟಿನ ಡಬ್ಬ ತಗೊಳ್ಳಿ. ಬೇಸು ಅಂದರೆ ಬೊಂಬೆಯ ಕಾಲಡಿಯ ಚಪ್ಪಟೆ ತುಂಡು. 25 ಮಿ.ಮೀ. ಚೌಕ ಬೇಸಿನ ಸೈನಿಕರು ಮುಂದೆ ಐದು, ಹಿಂದಕ್ಕೆ ನಾಲ್ಕು ಸಾಲು ನಿಂತರೆ 125 ಮಿ.ಮೀ. ಅಗಲ, 100 ಮಿ.ಮೀ. ಉದ್ದ. ಆ ಅಳತೆಗೆ ಕತ್ತರಿಸಿ, ಮೇಲೆ ತುಕಡಿಯ ಹೆಸರು ಬರೆಯಿರಿ. ಮುಂಭಾಗ ಯಾವುದು ಅಂತ ದಪ್ಪಗೆ ಒಂದು ಬಾಣದ ಗುರುತು ಹಾಕಿ. ಇಂಥ ಏಳೆಂಟು ತುಂಡು ಇದ್ದರೆ ಈ ಭಾನುವಾರವೇ ಆಡಬಹುದು.

ಬಾಣ ಮರೀಬೇಡಿ, ಆಟ ಇರುವುದೇ ಅದರಲ್ಲಿ. ಲೆಕ್ಕ ನೋಡಿ. ಎದುರಿನಿಂದ ನುಗ್ಗಿದರೆ ನಿಮ್ಮ ತುಕಡಿಗೆ 12 ದಾಳ ಅಂದುಕೊಳ್ಳಿ. ನಾಲ್ಕು ಅಥವಾ ಮೇಲೆ ಬಿದ್ದರೆ ಏಟು ತಾಗಿತು. ತಾಗಿದ ದಾಳಗಳನ್ನು ಮತ್ತೆ ಉರುಳಿಸಿ ನಾಲ್ಕು ಅಥವಾ ಮೇಲೆ ಬಿದ್ದರೆ ಗಾಯ. ಸರಾಸರಿ 12ರಲ್ಲಿ 6 ತಾಗುತ್ತವೆ, 3 ಗಾಯ ಆಗುತ್ತವೆ. ಆಮೇಲೆ ಎರಡು ದಾಳ ಹಾಕಿ, ಗಾಯದ ಸಂಖ್ಯೆ ಕೂಡಿಸಬೇಕು. ಮೊತ್ತ ಎದುರಾಳಿಯ ಧೈರ್ಯದ ಅಂಕೆ ಮುಟ್ಟಿದರೆ ಆ ತುಕಡಿ ಕಿತ್ತು ಓಡುತ್ತದೆ. ಧೈರ್ಯ 14 ಅಂತಿಟ್ಟುಕೊಂಡರೆ ನಿಮಗೆ 11 ಬೀಳಬೇಕು. 36 ಸಲಕ್ಕೆ 3 ಸಲ ಮಾತ್ರ ಬೀಳುತ್ತದೆ.

ಈಗ ಅದೇ ತುಕಡಿ ಮಗ್ಗುಲಿಂದ ನುಗ್ಗಿದರೆ ದಾಳ ಎರಡು ಪಟ್ಟು, 24. ಗಾಯ 6. ಬೇಕಾಗಿದ್ದು ಬರೀ 8, ಅದು 36ಕ್ಕೆ 15 ಸಲ ಬೀಳುತ್ತದೆ. ಅದೇ ಸೈನಿಕರು, ಅದೇ ದಾಳ, ನಿಂತ ಜಾಗ ಮಾತ್ರ ಬೇರೆ, ಗೆಲ್ಲುವ ಅವಕಾಶ ಐದು ಪಟ್ಟು! ಬೆನ್ನ ಹಿಂದಿನಿಂದ ಬಂದರೆ ದಾಳ ಮೂರು ಪಟ್ಟು. ಅದೂ ಎಲ್ಲಿ ಬಂದು ಡಿಕ್ಕಿ ಹೊಡೆದರು ಅನ್ನೋದಲ್ಲ, ಹೊರಡುವಾಗ ಯಾವ ದಿಕ್ಕಿನಲ್ಲಿದ್ದರು ಅನ್ನೋದೇ ಲೆಕ್ಕ. ಅಂದರೆ ನುಗ್ಗುವ ಸರದಿಗೆ ಮೊದಲೇ ಜಾಗ ಹಿಡಿದಿರಬೇಕು.

ನಾನು ಇದನ್ನು ಕಲಿತದ್ದು ಒಂದು ಸೋಲಿನಲ್ಲಿ. ಎದುರಿಗಿದ್ದ ಬಿಲ್ಲುಗಾರರನ್ನು ಹಿಡಿಯೋಣ ಅಂತ ಈಟಿಯವರನ್ನು ಸಾಲು ಬಿಟ್ಟು ನಾಲ್ಕೇ ಇಂಚು ಮುಂದಕ್ಕೆ ತಳ್ಳಿದೆ. ಮರದ ಗುಂಪಿನ ಪಕ್ಕದಲ್ಲಿ ಎದುರಾಳಿಯ ಕುದುರೆ ಸವಾರರು ಕಾಯುತ್ತಿದ್ದರು, ಮಗ್ಗುಲಿಗೇ ನುಗ್ಗಿದರು. ಈಟಿಯವರು ಒಂದೇ ಸರದಿಯಲ್ಲಿ ಓಡಿಹೋದರು, ಆ ಕಂಡಿಯಲ್ಲಿ ಉಳಿದ ಸಾಲೂ ಮುರಿಯಿತು. ಆವತ್ತು ಮನೆಗೆ ಬರುವಷ್ಟರಲ್ಲಿ ಈ ಆಟ ನನ್ನನ್ನು ಹಿಡಿದುಕೊಂಡಿತ್ತು.

ರಟ್ಟಿನಲ್ಲಿ ನಾಲ್ಕೈದು ಆಟ ಆಡಿ, ಯಾವ ತುಕಡಿ ನಿಮ್ಮ ಕೈಗೆ ಹೊಂದುತ್ತದೆ ಅಂತ ಗೊತ್ತಾದ ಮೇಲೆ ಅದೊಂದನ್ನೇ ಕೊಳ್ಳಿ. ಅದಕ್ಕೆ ಬಣ್ಣ ಹಚ್ಚಿ ಮುಗಿಸುವವರೆಗೆ ಇನ್ನೊಂದು ಡಬ್ಬ ಬೇಡ. ನಾನು ಒಟ್ಟಿಗೆ ಅರವತ್ತು ಕೊಂಡೆ, ಎರಡು ವರ್ಷ ಹಾಗೇ ಬೂದು ಬಣ್ಣದಲ್ಲಿ ಬಿದ್ದಿದ್ದವು. ರಟ್ಟು ಬಳಸುವ ಮುಂಚೆ ಎದುರಾಳಿಗೆ ಒಂದು ಮಾತು ಹೇಳಿ, ಪರಿಚಯದ ಗೆಳೆಯರು ಸಾಮಾನ್ಯವಾಗಿ ಒಪ್ಪುತ್ತಾರೆ.

ಪ್ರಶ್ನೆ: ಮಂಗಳೂರಿನಲ್ಲಿದ್ದೇನೆ. ಮಳೆಗಾಲದಲ್ಲಿ ಸ್ಪ್ರೇ ಪ್ರೈಮರ್ (ಬಣ್ಣಕ್ಕೆ ಮುಂಚೆ ಹಚ್ಚುವ ತಳಪದರ) ಹೊಡೆದರೆ ಬೊಂಬೆ ಮೇಲೆ ಮರಳು ಉದುರಿಸಿದ ಹಾಗೆ ತರಿತರಿ ಆಗುತ್ತದೆ. ಏನು ಮಾಡಲಿ?

ಉತ್ತರ: ಗಾಳಿಯ ತೇವವೇ ಕಾರಣ. ಮಳೆ ನಿಲ್ಲುವವರೆಗೆ ಸ್ಪ್ರೇ ಬಿಡಿ, ಬ್ರಷ್‌ನಿಂದ ಹಚ್ಚುವ ಪ್ರೈಮರ್ ಸಿಗುತ್ತದೆ. ತೆಳ್ಳಗೆ ಎರಡು ಸಲ ಹಚ್ಚಿ, ನಡುವೆ ಚೆನ್ನಾಗಿ ಒಣಗಲಿ. ದಪ್ಪಗೆ ಹಚ್ಚಿದರೆ ಮುಖದ ಗೆರೆಗಳೆಲ್ಲ ಮುಚ್ಚಿಹೋಗುತ್ತವೆ.

ಪ್ರಶ್ನೆ: ಚೌಕ ಬೇಸಿನ ಹಳೆಯ ವಾರ್‌ಹ್ಯಾಮರ್ ಸೈನ್ಯ ಇದೆ. 2015ರಲ್ಲಿ ಕಂಪನಿ ಆ ಆಟ ಬಿಟ್ಟು ದುಂಡು ಬೇಸಿಗೆ ಹೋಯಿತಲ್ಲ, ಮಾರಿಬಿಡಲೇ?

ಉತ್ತರ: ದಯವಿಟ್ಟು ಬೇಡ. 2024ರ ಜನವರಿಯಲ್ಲಿ ದಿ ಓಲ್ಡ್ ವರ್ಲ್ಡ್ ಅಂತ ಅದೇ ಲೋಕದ ಆಟ ಮತ್ತೆ ಬಂತು, ಚೌಕ ಬೇಸೇ. ಅಳತೆ ಮಾತ್ರ ಸ್ವಲ್ಪ ದೊಡ್ಡದು. 20 ಮಿ.ಮೀ. ಮೇಲಿದ್ದ ಮನುಷ್ಯ ಸೈನಿಕರಿಗೆ ಈಗ 25, ಓರ್ಕ್‌ಗಳಿಗೆ 25ರ ಬದಲು 30. ಅಂಟಿಸಿದ ಬೊಂಬೆಗಳ ಕಾಲು ಕೀಳೋಕೆ ಹೋಗಬೇಡಿ, ಮುರಿಯುತ್ತವೆ. ಹೊಸ ಅಳತೆಗೆ ಒಂದು ಟ್ರೇ ಮಾಡಿ, ನಡುವೆ ಜಾಗ ಬಿಟ್ಟು ಹಾಗೇ ನಿಲ್ಲಿಸಿ.