ದಿನಾ ಪಾಲಕ್ ತಿಂದರೂ ಫೆರಿಟಿನ್ ಏರ್ತಿಲ್ಲ, ಏಕೆ?

ಪ್ರಶ್ನೆ: ನಾನು 24 ವರ್ಷದ ಓಟಗಾರ್ತಿ. ಮಾಂಸ ತಿನ್ನುವುದಿಲ್ಲ. ಎರಡು ತಿಂಗಳಿಂದ ಕಾಲು ಭಾರ, ಮೆಟ್ಟಿಲು ಹತ್ತಿದರೂ ಏದುಸಿರು. ಹಿಮೋಗ್ಲೋಬಿನ್ 12.4, ಫೆರಿಟಿನ್ 11 ಬಂದಿದೆ. ಹಿಮೋಗ್ಲೋಬಿನ್ ಸರಿ ಇದೆಯಲ್ಲ, ಸುಮ್ನೆ ಓಡು ಅಂತಾರೆ ಕೋಚ್. ದಿನಾ ಪಾಲಕ್ ತಿನ್ನುತ್ತಿದ್ದೇನೆ. ಇನ್ನೇನು ಮಾಡಲಿ?

ಉತ್ತರ: ನಿಮ್ಮ ಕೋಚ್ ಅರ್ಧ ರಿಪೋರ್ಟ್ ಮಾತ್ರ ಓದಿದ್ದಾರೆ. ಫೆರಿಟಿನ್ ಅಂದರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ. ಅದು ತಳ ಕಂಡ ಮೇಲೂ ಹಿಮೋಗ್ಲೋಬಿನ್ ಸ್ವಲ್ಪ ದಿನ ಗಟ್ಟಿಯಾಗೇ ಇರುತ್ತದೆ, ಕುಸಿಯುವುದು ಆಮೇಲೆ. ವಿಶ್ವ ಆರೋಗ್ಯ ಸಂಸ್ಥೆ 15ಕ್ಕಿಂತ ಕೆಳಗಿದ್ದರೆ ಕೊರತೆ ಅನ್ನುತ್ತದೆ. ನಿಮ್ಮದು 11.

ಇನ್ನು ಪಾಲಕ್. ಅದಕ್ಕೆ ಇಷ್ಟೊಂದು ಹೆಸರು ಯಾಕೆ ಬಂತೋ! ಕಬ್ಬಿಣ ಇದೆ ನಿಜ, ಆದರೆ ಅದರಲ್ಲಿ ಮೈಗೆ ಹತ್ತುವುದು ತೀರಾ ಕಡಿಮೆ. ಬೇಳೆ, ಕಾಳು ಜಾಸ್ತಿ ತಿನ್ನಿ, ಮೇಲೆ ನಿಂಬೆ ಹಿಂಡಿ, ಇಲ್ಲವೇ ಜೊತೆಗೊಂದು ಕಿತ್ತಳೆ ಇರಲಿ, ಏಕೆಂದರೆ ಸಸ್ಯದ ಕಬ್ಬಿಣವನ್ನು ಕರುಳು ಹೀರಲು ವಿಟಮಿನ್ ಸಿ ನೆರವಾಗುತ್ತದೆ. ಊಟದ ಜೊತೆ ಏನು ಕುಡಿಯುತ್ತೀರಿ ಅಂತ ನೀವು ಬರೆದೇ ಇಲ್ಲ. ಕಾಫಿ, ಟೀ ಆದರೆ ಅದೇ ಬಟ್ಟಲು ಕಾಳಿನಿಂದ ಸಿಗುವ ಕಬ್ಬಿಣ ಎಷ್ಟೋ ಇಳಿದುಹೋಗುತ್ತದೆ. ಬಿಡಿ ಅನ್ನಲ್ಲ, ಊಟಕ್ಕೂ ಲೋಟಕ್ಕೂ ಒಂದೆರಡು ಗಂಟೆ ಅಂತರ ಕೊಡಿ.

ಹೊತ್ತಿನದ್ದೂ ಒಂದು ಆಟವಿದೆ. ಜೋರಾಗಿ ಓಡಿದ ಮೇಲೆ ಮೂರರಿಂದ ಆರು ಗಂಟೆ ಹೊತ್ತಿಗೆ ಹೆಪ್ಸಿಡಿನ್ ಎಂಬ ಹಾರ್ಮೋನ್ ಏರಿ, ಕರುಳಿನಲ್ಲಿ ಕಬ್ಬಿಣಕ್ಕೆ ಬಾಗಿಲು ಹಾಕಿಬಿಡುತ್ತದೆ, ಹಾಗಾಗಿ ಬೆಳಿಗ್ಗೆ ಓಟ ಮುಗಿಸಿ ಅರ್ಧ ಗಂಟೆಯೊಳಗೆ ತಿಂದರೆ ಲಾಭ. ತೂಕ ಇಳಿಸಲು ಊಟ ಕಡಿಮೆ ಮಾಡಿದ್ದೀರಾ? ಹಾಗಿದ್ದರೆ ಮೊದಲು ಹೊಟ್ಟೆ ತುಂಬಾ ತಿನ್ನಿ.

ಆದರೆ 11ರಿಂದ ಮೇಲೇಳಲು ಊಟ ಒಂದೇ ಸಾಲದಿರಬಹುದು. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತಾ? ಅದನ್ನೂ ಡಾಕ್ಟರ್‌ಗೆ ಹೇಳಿ. ಓಡುವವರಿಗೆ ಬೆವರಲ್ಲಿ, ಕರುಳಲ್ಲಿ, ಪಾದ ನೆಲಕ್ಕೆ ಅಪ್ಪಳಿಸಿ ರಕ್ತಕಣ ಒಡೆಯುವುದರಲ್ಲೂ ಒಂದಿಷ್ಟು ಕಬ್ಬಿಣ ಹೋಗುತ್ತದೆ. ಮಾತ್ರೆ ಮಾತ್ರ ನೀವೇ ತಂದು ನುಂಗಬೇಡಿ, ಹೆಚ್ಚಾದ ಕಬ್ಬಿಣವನ್ನು ಹೊರಹಾಕುವ ದಾರಿ ಮೈಗೆ ಇಲ್ಲ. ಡಾಕ್ಟರ್ ಬರೆದುಕೊಟ್ಟರೆ ದಿನ ಬಿಟ್ಟು ದಿನ ತಗೋಬಹುದಾ ಅಂತ ಕೇಳಿ, ಹಾಗೆ ತೆಗೆದುಕೊಂಡಾಗ ಕಬ್ಬಿಣ ಚೆನ್ನಾಗಿ ಹತ್ತುವುದುಂಟು.

ಎರಡು-ಮೂರು ತಿಂಗಳ ನಂತರ ಮತ್ತೆ ರಕ್ತ ಕೊಡಿ. ಹಿಂದಿನ ದಿನ ಜೋರು ಓಟ ಬೇಡ, ಜ್ವರ ನೆಗಡಿ ಇದ್ದರೆ ಮುಂದೂಡಿ. ಜೋರಾಗಿ ಓಡಿದ್ದರೆ, ಜ್ವರ ಇದ್ದರೆ ಫೆರಿಟಿನ್ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ.